ಕರಡಿಗುಡ್ಡದ ನಾಲ್ಕನೇ ತಿರುವು

ಟಿಳಕವಾಡಿ, ಬೆಳಗಾವಿ
೧೨ ಆಗಸ್ಟ್ ೨೦೨೪

ಕಾಂತಾ ಅಕ್ಕೋರಿಗೆ ಬಸವಪ್ರಸಾದ ಸಾಲಿಮಠನ ನಮಸ್ಕಾರಗಳು.

ನಾ ಯಾರಂತ ನಿಮಗ ಗೊತ್ತಿಲ್ಲ. ನೀವು ಕಲಿಸತಿದ್ದ ಸಾಲಿಯ ನೂರು ವರ್ಷದ ಸಂಚಿಕೆಯೊಳಗ ನೀವು ಬರದಿದ್ದ ಅರ್ಧ ಪುಟ ಓದಿ, ಸಾಲಿಯವರ ಕಡೆ ವಿಳಾಸ ಇಸಕೊಂಡು ಬರ್ಯಾಕತ್ತೀನಿ. ಫೋನ್ ನಂಬರ್ ಕೇಳಿದೆ. "ಅಕ್ಕೋರಿಗೆ ಕಿವಿ ಕೇಳಸೂದಿಲ್ಲ, ಕಾಗದಾ ಬರದ್ರ ಉತ್ತರಾ ಕೊಡ್ತಾರ" ಅಂದ್ರು.

ಹುಡುಗಿ ಇದ್ದಾಗ ಕರಡಿಗುಡ್ಡದ ಮ್ಯಾಂಗನೀಸ್ ಗಣಿಗೆ ಬುತ್ತಿ ಒಯ್ತಿದ್ದೆ, ಸಣ್ಣ ರೈಲು ಬರೂಕಿಂತ ಮೊದಲ ಹಳಿ ಸಣ್ಣಗೆ ನಡಗತಿತ್ತು ಅಂತ ಬರದೀರಿ. ಆ ರೈಲನ್ನ ನಾ ಕಟ್ಟಾಕತ್ತೀನಿ. ಗಾಬರಿ ಆಗಬ್ಯಾಡ್ರಿ, ಮಾಡೆಲ್ಲು. ಕೈಯಾಗ ಹಿಡಕೊಂಡು ಬಸ್ ಹತ್ತುವಷ್ಟ ಸಣ್ಣದು. ಅರವತ್ತನಾಲ್ಕು ಫೂಟಿಗೆ ನಂದು ಒಂದು ಫೂಟು. ಎರಡು ಫೂಟಿನ ಹಳಿ ನನ್ನ ಕೈಯಾಗ ಬೆರಳಿನ ಅಗಲ ಆಗತೈತಿ.

ನಂದು ಪ್ಯಾಟರ್ನ್ ಮಾಡೂ ಕೆಲಸ. ಫೌಂಡ್ರಿಯೊಳಗ ಕಬ್ಬಿಣ ಎರಕಾ ಹೊಯ್ಯೂಕಿಂತ ಮೊದಲ ಆ ಸಾಮಾನು ಕಟ್ಟಿಗಿಯೊಳಗ ಮಾಡಬೇಕಲ್ರಿ, ಅದು. ಇಪ್ಪತ್ತೆಂಟು ವರ್ಷ ಮಾಡಿದೆ. ಈಗ ಕಂಪ್ಯೂಟರ್ ಮಶೀನು ಕೊರೀತಾವ. ಮಾರ್ಚ್‌ನಾಗ ನಮ್ಮ ಶಾಪ್ ಮುಚ್ಚಿತು. ಕೈ ಸುಮ್ನ ಕುಂದರವಲ್ಲವು.

ಹಳೇ ಕಾಗದ ಒಂದಿಷ್ಟು ಸಿಕ್ಕಾವ, ಅಳತಿ ಅದರಾಗ ಅದಾವ. ಆದ್ರ ಬಣ್ಣ, ಮಂದಿ ಎಲ್ಲಿ ನಿಲ್ಲತಿದ್ರು, ಅದೆಲ್ಲಾ ಕಾಗದದಾಗ ಇಲ್ಲ. ಜನವರಿಯೊಳಗ ಬೆಳಗಾವ್ಯಾಗ ಇಂಥ ಮಾಡೆಲ್‌ಗಳ ಪ್ರದರ್ಶನ ಐತಿ. ನೀವು ಹೇಳಿದ್ರ ಖರೇ ಖರೇ ಕಟ್ಟತೀನಿ.

ನಿಮ್ಮ
ಬಸವಪ್ರಸಾದ

*

ಖಾನಾಪುರ
೨೧ ಆಗಸ್ಟ್ ೨೦೨೪

ಶ್ರೀ ಬಸವಪ್ರಸಾದ ಅವರಿಗೆ ಆಶೀರ್ವಾದಗಳು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕರಡಿಗುಡ್ಡದ ಹೆಸರನ್ನು ಇನ್ನೊಬ್ಬರ ಕೈಬರಹದಲ್ಲಿ ನೋಡಿ ಎಷ್ಟು ವರ್ಷಗಳಾದವೋ.

ನಿಮಗೆ ಹೇಳಿದ್ದು ನಿಜ. ನನ್ನ ಮಗಳು ಮೇಘಾ ಕಿವಿಗೆ ಮಶೀನು ತಂದುಕೊಟ್ಟಿದ್ದಾಳೆ. ಹಾಕಿಕೊಂಡರೆ ಪಾತ್ರೆ ಬಿದ್ದ ಸದ್ದು ಮಾತ್ರ ಸ್ಪಷ್ಟ, ಮನುಷ್ಯರ ಮಾತು ಹಾಗೆಯೇ ಗೊಜಗೊಜ. ಕಾಗದವೇ ಒಳ್ಳೆಯದು. ಇಲ್ಲಿ ಹನ್ನೊಂದಕ್ಕೆ ಟಪಾಲು ಬರುತ್ತದೆ. ಮೇಘಾ ಕಚೇರಿಗೆ ಹೋಗಿರುತ್ತಾಳೆ, ಅದೂ ಅನುಕೂಲವೇ.

ಡಬ್ಬಿಗಳ ಬಣ್ಣ ಕೇಳಿದ್ದೀರಿ. ಬಣ್ಣವೇ ಇರಲಿಲ್ಲ. ಒಂದು ಕಾಲಕ್ಕೆ ಹಸಿರು ಬಳಿದಿದ್ದರಂತೆ, ನಾನು ನೋಡುವಾಗ ಎಲ್ಲವೂ ಅದುರಿನ ಕಪ್ಪು. ಆ ಕಪ್ಪು ಕೈಗೆ ಹತ್ತಿದರೆ ವಾರ ಹೋಗುತ್ತಿರಲಿಲ್ಲ. ಎಂಟು ಡಬ್ಬಿಗಳ ಸಾಲು. ತುಂಬಿದ ಸಾಲು ಗುಡ್ಡದಿಂದ ಇಂಜಿನಿಲ್ಲದೆ ಇಳಿಜಾರಿನಲ್ಲಿ ತಾನೇ ಇಳಿಯುತ್ತಿತ್ತು. ಖಾಲಿ ಡಬ್ಬಿಗಳನ್ನು ಮೇಲೆ ತಳ್ಳಲು ಮಾತ್ರ ಇಂಜಿನು. ಕೊನೆಯ ಡಬ್ಬಿಯ ಹಿಂದೆ ಒಂದು ಮೊಳದ ಹಲಗೆ, ಅದರ ಮೇಲೆ ನಿಂತ ಮನುಷ್ಯರ ಎದೆಯ ಮಟ್ಟಕ್ಕೆ ಬ್ರೇಕಿನ ಚಕ್ರ. ಅವರು ತಲೆಗೆ ಟವೆಲ್ಲು ಸುತ್ತಿರುತ್ತಿದ್ದರು. ಬಿಳಿ ಟವೆಲ್ಲು.

ನಮ್ಮ ಮನೆಯವರೊಬ್ಬರು ಅಲ್ಲಿ ಕೆಲಸಕ್ಕಿದ್ದರು. ಅದಕ್ಕೇ ಬುತ್ತಿ.

ನಿಮಗೆ ಈ ಗಣಿಯ ಹುಚ್ಚು ಹೇಗೆ ಹತ್ತಿತು, ಬರೆಯಲಿಲ್ಲ.

ಕಾಂತಾ

*

ಟಿಳಕವಾಡಿ
೪ ಸೆಪ್ಟೆಂಬರ್ ೨೦೨೪

ಅಕ್ಕೋರ, ನಮಸ್ಕಾರರಿ.

ನಿಮ್ಮ ಕಾಗದಾ ಬಂದ ದಿನಾನ ಹಸಿರು ಬಣ್ಣ ಕೆರದು ಕಪ್ಪು ಬಳದೆ. ಮೊದಲ ಹಚ್ಚಿದ್ದ ಹಸಿರು ಮೂಲ್ಯಾಗ ಒಂಚೂರು ಉಳಿಸೀನಿ. ಬಿಳಿ ಟವೆಲ್ಲಿನ ಮನಷ್ಯಾನೂ ಆದ, ಬೆರಳಿನ ಒಂದು ಗೆಣ್ಣಿನಷ್ಟ ಎತ್ತರದಾವ. ಶಿವಣಿ ಕಟ್ಟಿಗಿಯೊಳಗ ಕೆತ್ತೀನಿ.

ಹುಚ್ಚು ಹೆಂಗ ಹತ್ತಿತು ಅಂದ್ರ ಏನ್ ಹೇಳ್ಲಿ. ಸಣ್ಣಾಂವ ಇದ್ದಾಗ ಯಾರೋ ಹೇಳಿದ್ದು ಕೇಳಿದ್ದೆ. ಹವ್ಯಾಸ ಅನ್ರಿ.

ಮಾಡೆಲ್ಲು ಎರಡು ಪೆಟಗಿ. ಬಿಜಾಗರಿ ಹಚ್ಚೀನಿ, ತೆರದು ಬಾಜು ಬಾಜು ಇಟ್ರ ಹಳಿ ಕೂಡತಾವ. ಒಂಬತ್ತು ಕಿಲೋ. ನನ್ನ ಹೆಂಡತಿ ದಾನೇಶ್ವರಿ "ಇದನ್ನ ಒಯ್ಯಾಕ ಆಗತೈತಿ ಅಂತೀರಿ, ಯಾರು ಕರದಾರ ನಿಮ್ಮನ್ನ" ಅಂತಾಳ. ಹಾಲ್ ತುಂಬ ಕಟ್ಟಿಗಿ ಪುಡಿ. ಆಕೀದೇನೂ ತಪ್ಪಿಲ್ಲ.

ಐದು ಮೈಲು ಪೆಟಗ್ಯಾಗ ಹಿಡಿಸೂದಿಲ್ಲ. ನಾಲ್ಕ ಜಾಗಾ ಮಾತ್ರ ತೊಗೊಂಡೀನಿ. ಗುಡ್ಡದ ಬಾಯಿ, ಅದುರು ತುಂಬೂ ಕಟ್ಟಿ, ನಾಲ್ಕನೇ ತಿರುವು ಮತ್ತ ಅದರ ಕೆಳಗ ಹಳ್ಳ ದಾಟೂ ಪೂಲು, ಕಡೀಕ ದೊಡ್ಡ ರೈಲಿನ ಬಾಜು ಇಳಿಸೂ ಜಾಗಾ. ಈ ನಾಲ್ಕನೇ ತಿರುವಿನ ಬಗ್ಗೆ ಹೇಳ್ರಿ. ಅಲ್ಲಿ ಏನೇನು ಕಾಣಸತಿತ್ತು?

ಬಸವಪ್ರಸಾದ

*

ಖಾನಾಪುರ
೧೫ ಸೆಪ್ಟೆಂಬರ್ ೨೦೨೪

ಬಸವಪ್ರಸಾದ,

ಹೆಸರು ಹಿಡಿದೇ ಬರೆಯುತ್ತಿದ್ದೇನೆ, ನೀನು ನನ್ನ ವಿದ್ಯಾರ್ಥಿಗಳ ವಯಸ್ಸಿನವನು.

ತುಂಬುವ ಕಟ್ಟೆಯ ಪಕ್ಕ ಒಂದು ನೇರಳೆ ಮರ ಇತ್ತು, ಬರೆದುಕೋ. ಹೆಣ್ಣಾಳುಗಳು ಅದರ ಕೆಳಗೆ ಕೂತು ಅದುರನ್ನು ಸುತ್ತಿಗೆಯಿಂದ ಒಡೆಯುತ್ತಿದ್ದರು. ಅವರ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. ಕಾವಲಿನವನ ಗುಡಿಸಲಿಗೆ ಹುಲ್ಲು ಹೊದಿಸಬೇಡ, ಡಾಂಬರು ಡಬ್ಬಿ ಒಡೆದು ಮಾಡಿದ ತಗಡು ಹಾಕಿದ್ದರು. ಗುಡ್ಡದ ಬಾಯಿಯಲ್ಲಿ ಒಂದು ಗಂಟೆ. ಹಳಿಯ ತುಂಡನ್ನೇ ತೂಗಿಬಿಟ್ಟಿದ್ದರು. ಇಳಿಸುವ ಜಾಗದಲ್ಲಿ ಒಬ್ಬ ಚಹಾದವ, ಅವನ ಹೆಸರು ಮರೆತಿದೆ.

ನಾಲ್ಕನೇ ತಿರುವು ಬೇಡ. ಅಲ್ಲಿ ನೋಡುವಂಥದ್ದೇನೂ ಇಲ್ಲ. ಅದರ ಬದಲು ಎರಡನೇ ತಿರುವನ್ನು ಮಾಡು, ಅಲ್ಲಿ ಝರಿ ಇತ್ತು, ಚೆಂದ ಕಾಣುತ್ತದೆ.

ಕಾಂತಾ

*

ಟಿಳಕವಾಡಿ
೨೯ ಸೆಪ್ಟೆಂಬರ್ ೨೦೨೪

ಅಕ್ಕೋರ,

ನೇರಳಿ ಗಿಡ ಆತು. ತಗಡು ಆತು. ಗಂಟಿನೂ ತೂಗಬಿಟ್ಟೆ, ಗುಂಡುಸೂಜಿ ತುಂಡು.

ಆದ್ರ ನಾಲ್ಕನೇ ತಿರುವು ಬಿಡಾಕ ಆಗೂದಿಲ್ರಿ. ಪೂಲು ಮಾಡೂದು ತ್ರಾಸು, ಇವನ ಕೈಲೆ ಆಗೂದಿಲ್ಲ ಅಂತ ನೀವು ತಿಳಕೊಂಡಿರಬೇಕು. ಆಗೇತಿ! ಆರು ಕಂಬ, ಒಂದೊಂದಕ್ಕೂ ಅಡ್ಡಪಟ್ಟಿ. ಮೂರು ಸಲ ಮುರೀತು, ನಾಲ್ಕನೇ ಸಲ ನಿಂತಿತು. ಮ್ಯಾಲಿಂದ ಡಬ್ಬಿ ಬಿಟ್ರ ತಿರುವಿನಾಗ ಹೊಳ್ಳಿ ಪೂಲು ದಾಟತಾವ. ಇಡೀ ಮಾಡೆಲ್ಲಿನ ಜೀವ ಅಲ್ಲೇ ಐತಿ.

ಪ್ರದರ್ಶನದಾಗ ಪ್ರತಿ ಮಾಡೆಲ್ಲಿನ ಮುಂದ ಒಂದು ಕಾರ್ಡು ಇಡಬೇಕು. ನನ್ನ ಶುದ್ಧಬರಹ ಅಷ್ಟಕ್ಕಷ್ಟ. ನೀವು ಅಕ್ಕೋರು, ತಿದ್ದಿ ಕಳಿಸ್ರಿ. ಬರದದ್ದು ಹಿಂಗೈತಿ:

"ಕರಡಿಗುಡ್ಡ ಗಣಿ ರೈಲು. ಹಳಿಯ ಅಗಲ ಎರಡು ಅಡಿ, ಉದ್ದ ಐದು ಮೈಲಿ. ೧೯೬೮ರ ಫೆಬ್ರುವರಿಯಲ್ಲಿ ಬ್ರೇಕ್‌ಮನ್ ರಾಯಪ್ಪನ ನಿರ್ಲಕ್ಷದಿಂದ ತುಂಬಿದ ಡಬ್ಬಿಗಳು ನಾಲ್ಕನೇ ತಿರುವಿನಿಂದ ತಾವೇ ಓಡಿ, ಸೇತುವೆಯ ಮೇಲೆ ಕೆಲಸ ಮಾಡುತ್ತಿದ್ದ ಮೂವರು ಸತ್ತರು. ಮರುವರ್ಷ ಗಣಿ ಮುಚ್ಚಿತು."

ಬಸವಪ್ರಸಾದ

*

ಖಾನಾಪುರ
೭ ಅಕ್ಟೋಬರ್ ೨೦೨೪

ಬಸವಪ್ರಸಾದ,

ನಿರ್ಲಕ್ಷ ಅಲ್ಲ, ನಿರ್ಲಕ್ಷ್ಯ. ಕ್ಷ-ಕ್ಕೆ ಯ ಒತ್ತು ಬರುತ್ತದೆ.

ಉಳಿದದ್ದು ಸರಿ ಇದೆ.

ಕಾಂತಾ

*

ಟಿಳಕವಾಡಿ
೩೦ ಅಕ್ಟೋಬರ್ ೨೦೨೪

ಅಕ್ಕೋರ, ಆರಾಮ ಇದ್ದೀರೇನ್ರಿ?

ನಿಮ್ಮ ಕಡೀ ಕಾಗದಾ ಎರಡು ಸಾಲಿಂದು. ನಾ ಅದಾದ ಮ್ಯಾಲೆ ಎರಡು ಕಾಗದಾ ಹಾಕೀನಿ. ಒಂದರಾಗ ಪೂಲಿನ ಫೋಟೊ ಇಟ್ಟಿದ್ದೆ. ಮುಟ್ಟಿಲ್ಲೇನು? ದಿನಾ ಟಪಾಲಿನ ಹೊತ್ತಿಗೆ ಗೇಟಿಗೆ ಹೋಗಿ ನಿಲ್ಲತೀನಿ.

ನಾ ಏನರ ತಪ್ಪು ಬರದ್ನ್ಯಾ ಅಂತ ಎಲ್ಲಾ ಕಾಗದಾ ನೆನಪು ಮಾಡಕೊಂಡೆ. ತಿರುವಿನ ವಿಷಯದಾಗ ನಿಮ್ಮ ಮಾತು ಮೀರಿದ್ದು ಸಿಟ್ಟು ಬಂದಿದ್ರ ಹೇಳ್ರಿ. ಝರಿನೂ ಮಾಡತೀನಿ, ಮೂರನೇ ಪೆಟಗಿ ಮಾಡತೀನಿ.

ನಾಲ್ಕು ಸಾಲು ಬರದು ಹಾಕ್ರಿ.

ಬಸವಪ್ರಸಾದ

*

ಟಿಳಕವಾಡಿ
೨೦ ನವೆಂಬರ್ ೨೦೨೪

ಅಕ್ಕೋರ,

ಮೊನ್ನೆ ರವಿವಾರ ಪ್ಯಾಸೆಂಜರ್ ಹತ್ತಿ ಖಾನಾಪುರಕ್ಕ ಬಂದಿದ್ದೆ. ನಿಮಗ ಹೇಳಿದ್ರೋ ಇಲ್ಲೋ ಗೊತ್ತಿಲ್ಲ. ನಿಮ್ಮ ಮಗಳು ಬಾಗಲದಾಗ ನಿಂತು "ಅವ್ವಗ ಮೈಯಾಗ ಆರಾಮಿಲ್ಲ, ಯಾರನ್ನೂ ನೋಡೂದಿಲ್ಲ ಅಂದಾಳ" ಅಂದ್ರು. ನಾ ಹೆಸರು ಹೇಳಿದ ಕೂಡ್ಲೆ ಅವರ ಮಾರಿ ಬಿಗಿ ಆತು.

"ನೀವ ಏನ್ರಿ ಆ ಕಾಗದಾ ಬರಿಯಾವ್ರು? ಏನ್ ಬರದ್ರಿ ಅವ್ವಗ? ಆಕಿ ಒಂದೂವರಿ ತಿಂಗಳಾತು, ಸರಿಯಾಗಿ ಉಂಡಿಲ್ಲ. ಕೇಳಿದ್ರ ಹಲ್ಲು ನೋವು ಅಂತಾಳ."

"ರೈಲಿನ ಬಗ್ಗೆ ಬರದೀನ್ರಿ, ಬ್ಯಾರೆ ಏನಿಲ್ಲ" ಅಂದೆ.

"ಯಾವ ರೈಲು?" ಅಂದ್ರು.

ಅಕ್ಕೋರ, ಮಗಳಿಗೆ ನೀವು ಕರಡಿಗುಡ್ಡದ ಹೆಸರೂ ಹೇಳಿಲ್ಲ. ಮಗಳಿಗೆ ಹೇಳದ್ದನ್ನ ನನಗ ಬರದೀರಿ. ಅಂದ್ರ ನಾ ಕೈ ಹಾಕಬಾರದ ಜಾಗಾಕ್ಕ ಕೈ ಹಾಕೀನಿ. ಯಾವ ಜಾಗಾ ಅಂತ ಗೊತ್ತಿಲ್ಲ. ಅದ ನನಗ ಅಂಜಿಕಿ. ಬೈದು ಬರೀರಿ, ಆದ್ರ ಬರೀರಿ.

ಬಸವಪ್ರಸಾದ

*

ಖಾನಾಪುರ
೨೭ ನವೆಂಬರ್ ೨೦೨೪

ಬಸವಪ್ರಸಾದ,

ಬ್ರೇಕ್‌ಮನ್ ರಾಯಪ್ಪ ನನ್ನ ತಂದೆ.

ನಿನ್ನ ಕಾರ್ಡನ್ನು ತಿದ್ದಿದ ದಿನ ಅಷ್ಟನ್ನಾದರೂ ಬರೆಯಬೇಕಿತ್ತು. ಕೈ ಏಳಲಿಲ್ಲ. ನಲವತ್ತು ವರ್ಷ ಮಕ್ಕಳ ಪಾಟಿ ತಿದ್ದಿದ ಕೈ, ತಪ್ಪಕ್ಷರ ಕಂಡಿತು, ತಿದ್ದಿತು. ಆಮೇಲೆ ನೋಡಿದರೆ ನನ್ನ ತಂದೆಯ ಮೇಲಿನ ಅಪವಾದಕ್ಕೆ ನಾನೇ ಒತ್ತು ಕೊಟ್ಟು ಕಳಿಸಿದ್ದೆ.

ಉಳಿದದ್ದನ್ನೂ ಹೇಳುತ್ತೇನೆ. ಇದನ್ನು ನನ್ನ ಗಂಡನಿಗೆ ಹೇಳಿರಲಿಲ್ಲ, ಮೇಘಾಗೂ ಹೇಳಿಲ್ಲ.

ಆ ದಿನ ಸೇತುವೆಯ ಮೇಲೆ ಹಲಗೆ ಬದಲಿಸುತ್ತಿದ್ದರು. ಅದಕ್ಕೇ ತುಂಬಿದ ಸಾಲನ್ನು ನಾಲ್ಕನೇ ತಿರುವಿನ ಮೇಲೆ ನಿಲ್ಲಿಸಿದ್ದರು. ಸಾಲು ನಿಂತಿದ್ದರೂ ಬ್ರೇಕಿನ ಮನುಷ್ಯ ತಾನು ನಿಂತ ಹಲಗೆ ಬಿಟ್ಟು ಇಳಿಯಬಾರದು, ಅದು ನಿಯಮ. ನನಗೂ ಗೊತ್ತಿತ್ತು. ದಿನಾ ಬುತ್ತಿಯನ್ನು ಕೆಳಗಿನಿಂದ ಎತ್ತಿ ಕೊಟ್ಟು ಬರುತ್ತಿದ್ದೆ. ಅವತ್ತು ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ಕಾರೆಮುಳ್ಳು ಕಾಲಿನಲ್ಲಿ ಮುರಿಯಿತು. ಕೂತು ಅತ್ತೆ. "ಅಪ್ಪಾ ಬಾ, ಅಪ್ಪಾ ಬಾ" ಎಂದು ಕೂಗಿದೆ. ಹನ್ನೊಂದು ವರ್ಷದವಳು, ಅಷ್ಟು ಅಳುವ ಅಗತ್ಯವೇನಿತ್ತು? ಹಬ್ಬಕ್ಕೆ ಹೊಸ ಲಂಗ ಕೊಡಿಸಲಿಲ್ಲವೆಂದು ಬೆಳಿಗ್ಗೆಯಿಂದ ಸಿಟ್ಟಿತ್ತು, ಅದೂ ಸೇರಿ ಅತ್ತೆ.

ಅಪ್ಪ ಬ್ರೇಕಿನ ಚಕ್ರ ತಿರುಗಿಸಿದರು. ನಾನು ನೋಡುತ್ತಿದ್ದೆ. ತಿರುಗಿಸಿದರು, ತಿರುಗಿಸಿದರು, ಅದು ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿ, ಮೈಯ ಭಾರವನ್ನೆಲ್ಲ ಹಾಕಿ ಜೋತುಬಿದ್ದು ನೋಡಿದರು. ಆಮೇಲೆ ಇಳಿದು ಗಾಲಿಗೆ ಕಲ್ಲು ಕೊಟ್ಟು ನನ್ನ ಹತ್ತಿರ ಬಂದರು. ಮುಳ್ಳು ಇನ್ನೂ ಅವರ ಬೆರಳಲ್ಲಿತ್ತು. ಸಾಲು ಸದ್ದಿಲ್ಲದೆ ಹೊರಟಿತು. ಕಲ್ಲು ಪುಡಿಯಾದ ಸದ್ದು ಮಾತ್ರ ಕೇಳಿತು. ಅಪ್ಪ ಓಡಿದರು, ಕೂಗಿದರು. ಸೇತುವೆಯ ಮೇಲೆ ಸುತ್ತಿಗೆಯ ಸದ್ದು, ಅವರಿಗೆ ಕೇಳಲಿಲ್ಲ.

ಕೆಲಸ ಹೋಯಿತು. ಹುಬ್ಬಳ್ಳಿಗೆ ಹೋದೆವು, ಅಪ್ಪ ಅರಳೆ ಹಿಂಜುವ ಕಾರ್ಖಾನೆ ಸೇರಿದರು. ಅವರು ಒಮ್ಮೆಯೂ ನನ್ನ ಹೆಸರು ಎತ್ತಲಿಲ್ಲ. ಯಾರಾದರೂ ಕೇಳಿದರೆ "ನಾ ಬಿಗದಿದ್ದೆ" ಎನ್ನುತ್ತಿದ್ದರು, ಅಷ್ಟೇ. ನನ್ನನ್ನು ಉಳಿಸಲು ಹಾಗೆ ಹೇಳುತ್ತಾರೆಂದುಕೊಂಡೆ. ಸರಿಯಾಗಿ ಬಿಗಿದಿದ್ದರೆ ಅದು ಹೇಗೆ ಓಡೀತು? ೧೯೮೧ರಲ್ಲಿ ತೀರಿಕೊಂಡರು.

ಮದುವೆಯಾಗಿ ಮತ್ತೆ ಗಣಿಯ ಹತ್ತಿರದ ಇದೇ ಊರಿಗೆ ಬಂದೆ. ಹೆಸರು ಬದಲಾಗಿತ್ತು, ಯಾರೂ ಗುರುತಿಸಲಿಲ್ಲ. ಸತ್ತ ಮೂವರಲ್ಲಿ ಒಬ್ಬರ ಮಗ ಗಜಾನನ ಅಂತ, ನಮ್ಮ ಓಣಿಯ ಆಚೆಯ ಓಣಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ನಾನು ಜೋಳ ಬೀಸಿಸಲು ಊರಿನ ಇನ್ನೊಂದು ತುದಿಗೆ ಹೋಗುತ್ತೇನೆ. ಆ ತುದಿಯ ಗಿರಣಿಯಲ್ಲಿ ಹಿಟ್ಟು ಸಣ್ಣ ಬರುತ್ತದೆ ಎಂದು ಮೇಘಾಗೆ ಸುಳ್ಳು ಹೇಳಿದ್ದೇನೆ.

ಈಗ ನಿನ್ನ ಪೆಟ್ಟಿಗೆಯಲ್ಲಿ ಏನು ಇಡಬೇಕೋ ಇಡು.

ಕಾಂತಾ

*

ಟಿಳಕವಾಡಿ
೩ ಡಿಸೆಂಬರ್ ೨೦೨೪

ಅಕ್ಕೋರ,

ನಿಮ್ಮ ಕಾಗದಾ ಓದಿ ಮಾಡೆಲ್ಲಿನ ಮುಂದ ಹೋಗಿ ಕುಂತೆ. ಆಮ್ಯಾಲೆ ಎದ್ದು ಕಪಾಟಿನಾಗಿನ ಪುಸ್ತಕ ತಗದೆ.

ಒಂದು ವಿಷಯ ಮೊದಲ ಹೇಳತೀನಿ. ಬ್ರೇಕಿನ ಚಕ್ರ ತಿರುಗಿಸಿದ್ರ ಏನಾಗತೈತಿ? ಕಟ್ಟಿಗಿ ತುಂಡು ಹೋಗಿ ಗಾಲಿಗೆ ಒತ್ತತೈತಿ. ಜಾಲಿ ಕಟ್ಟಿಗಿ. ಆ ತುಂಡು ಸರಿ ಇದ್ರ ಚಕ್ರ ಎರಡ ಸುತ್ತಿಗೆ ಬಿಗೀತೈತಿ, ಮುಂದ ಮನಷ್ಯಾನ ಕೈಲೆ ತಿರುಗೂದಿಲ್ಲ. ನಿಮ್ಮ ಅಪ್ಪಾರು ತಿರುಗಿಸಿದ್ರು, ತಿರುಗಿಸಿದ್ರು ಅಂತ ಬರದೀರಿ. ಕಡೀತನಾ ತಿರುಗಿತು ಅಂದ್ರ ಒತ್ತಾಕ ಕಟ್ಟಿಗೀನ ಉಳದಿರಲಿಲ್ಲ. ಇದ್ದಷ್ಟು ಗಾಡೀನ್ನ ಆ ತಿರುವಿಗೆ ತಂದು ನಿಲ್ಲಿಸೂದ್ರಾಗ ಸವದು ಹೋಗಿತ್ತು. ಚಕ್ರ ಬಿಗಿ ಆದದ್ದು ತಿರುಪಿನ ತುದಿ ಮುಟ್ಟಿ, ಗಾಲಿ ಹಿಡದು ಅಲ್ಲ. ಕಟ್ಟಿಗಿ ಕೆಲಸದಾವ ಹೇಳಾಕತ್ತೀನಿ, ಇದರಾಗ ನನಗ ಸಂಶಯ ಇಲ್ಲ. ಅವರು ಬಿಗದಿದ್ದೆ ಅಂದದ್ದು ಖರೇ.

ಅವರು ಹಲಗಿ ಮ್ಯಾಲ ನಿಂತಿದ್ರೂ ಆ ಗಾಡಿ ನಿಲ್ಲತಿರಲಿಲ್ಲ. ಅವರೂ ಅದರ ಕೂಡ ಪೂಲಿನ ತಳಕ್ಕ ಹೋಗತಿದ್ರು. ನೀವು ಅತ್ತು ಕರದದ್ದಕ್ಕ ಅವರು ಉಳದ್ರು, ಇಲ್ಲಾಂದ್ರ ಸತ್ತವರು ಮೂರಲ್ಲ, ನಾಲ್ಕು ಮಂದಿ ಆಗತಿದ್ರು.

೧೬ ಡಿಸೆಂಬರ್

ಮ್ಯಾಲಿಂದು ಬರದು ಹದಿಮೂರು ದಿನ ಆತು. ಟಪಾಲಿಗೆ ಹಾಕಲಿಲ್ಲ. ಯಾಕಂದ್ರ ಅರ್ಧಾನ ಬರದಿದ್ದೆ. ದಾನೇಶ್ವರಿ ಲಕೋಟಿ ನೋಡಿ "ಪೂರಾ ಬರೀದ ಹಾಕಿದ್ರ ಅದೂ ಸುಳ್ಳ ಆಗತೈತಿ" ಅಂದ್ಲು.

ಕಟ್ಟಿಗಿ ಸವದದ್ದು ನನಗ ಬರೇ ನಿಮ್ಮ ಕಾಗದದಿಂದ ತಿಳೀಲಿಲ್ಲ. ನಾ ಹೇಳಿದ್ದ ಹಳೇ ಕಾಗದ, ಅದು ಗಣಿಯ ಸಾಮಾನು ಬೇಡಿಕಿ ಪುಸ್ತಕ. ಅಳತಿಗೋಸ್ಕರ ಓದಿದ್ದೆ, ಉಳಿದ ಪುಟ ಸುಮ್ನ ಹೊಳ್ಳಿಸಿದ್ದೆ. ಈಗ ಓದಿದೆ. ೧೯೬೭ರ ಅಕ್ಟೋಬರ್, ಡಿಸೆಂಬರ್, ಮತ್ತ ೧೯೬೮ರ ಜನವರಿ. ಮೂರು ಸಲ "ಬ್ರೇಕಿನ ಕಟ್ಟಿಗೆ ಪೂರ್ತಿ ಸವೆದಿವೆ, ತುರ್ತು" ಅಂತ ಬರದು ಕಂಪನಿ ಆಫೀಸಿಗೆ ಕಳಿಸ್ಯಾರ. ಮೂರು ಸಲಾನೂ ಕೆಂಪು ಶಾಯಿಲೆ "ಸದ್ಯಕ್ಕೆ ಸಾಗಿಸಿ" ಅಂತ ಹೊಳ್ಳಿ ಬಂದೈತಿ. ಅದರ ಮುಂದಿನ ಪುಟದಾಗ ಅಪಘಾತದ ವರದಿಯ ನಕಲು ಐತಿ. "ಬ್ರೇಕುಗಳು ಸುಸ್ಥಿತಿಯಲ್ಲಿದ್ದವು. ಬ್ರೇಕ್‌ಮನ್‌ನ ನಿರ್ಲಕ್ಷ್ಯವೇ ಕಾರಣ." ಮೂರು ಬೇಡಿಕಿ, ಒಂದು ವರದಿ. ನಾಲ್ಕಕ್ಕೂ ಅಕ್ಷರ ಒಬ್ಬರವ, ಸಹಿನೂ ಅವರದ.

ಸೂಪರ್‌ವೈಜರ್ ಈರಯ್ಯ. ನನ್ನ ತಾಯಿಯ ಅಪ್ಪ. ಆ ಗಣಿ, ಆ ರೈಲು, ಎಲ್ಲಾ ಹೇಳಿ ನನ್ನ ಬೆಳಸಿದ ಅಜ್ಜ.

ಮೊದಲ ಕಾಗದದಾಗನ ಹೇಳಬೇಕಿತ್ತು. ನೀವು ಗಣಿ ಮಂದಿ, ಸೂಪರ್‌ವೈಜರ್ ಮೊಮ್ಮಗ ಅಂದ್ರ ಬಾಯಿ ಬಿಚ್ಚೂದಿಲ್ಲ ಅಂತ ಮುಚ್ಚಿಟ್ಟೆ. ಅಜ್ಜ ವರದಿ ಬರದದ್ದು ಗೊತ್ತಿತ್ತು. ಸುಳ್ಳು ಬರದಾನ ಅಂತ ಗೊತ್ತಿರಲಿಲ್ಲ. ಇದನ್ನ ನಂಬ್ರಿ ಅನ್ನಾಕ ನನಗ ಬಾಯಿ ಇಲ್ಲ.

ಬಸವಪ್ರಸಾದ

*

ಖಾನಾಪುರ
೧೧ ಜನವರಿ ೨೦೨೫

ಶ್ರೀ ಬಸವಪ್ರಸಾದ ಸಾಲಿಮಠ ಅವರಿಗೆ,

ತಾವು ಹೇಳಿದ ಪುಸ್ತಕವನ್ನು ನಾನು ಕಣ್ಣಾರೆ ನೋಡಬೇಕು. ನೋಡುವವರೆಗೆ ಬೇರೇನೂ ಬರೆಯಲಾರೆ.

ಕಾಂತಾ

*

ಟಿಳಕವಾಡಿ
೧೩ ಜನವರಿ ೨೦೨೫

ಅಕ್ಕೋರಿಗೆ ನಮಸ್ಕಾರ.

ಝೆರಾಕ್ಸ್ ಅಲ್ಲ, ಪುಸ್ತಕಾನ ಕಳಿಸಾಕತ್ತೀನಿ, ರಜಿಸ್ಟರ್ ಟಪಾಲಿಲೆ. ಹೊಳ್ಳಿ ಕೊಡೂದು ಬ್ಯಾಡ. ಹರೀರಿ, ಇಟ್ಟುಕೊಳ್ಳ್ರಿ, ಪೇಪರಿನವರಿಗೆ ಕೊಡ್ರಿ, ನಿಮ್ಮ ಇಚ್ಛಾ.

ಪ್ರದರ್ಶನದಿಂದ ನನ್ನ ಹೆಸರು ತಗಿಸೀನಿ. ಆ ಕಾರ್ಡು ಹರದು ಒಲಿಗೆ ಹಾಕಿದೆ. ಹೊಸಾದು ಬರಿಯಾಕ ನನಗ ಅಧಿಕಾರ ಇಲ್ಲ.

ಅಜ್ಜ ಈ ಪುಸ್ತಕ ಯಾಕ ಸುಡಲಿಲ್ಲ ಅಂತ ವಿಚಾರ ಮಾಡತೀನಿ. ಐವತ್ತು ವರ್ಷ ಟ್ರಂಕಿನಾಗ ಇಟ್ಟಿದ್ದ. ಅಂವಾ ಒಳ್ಳೇಯಾಂವ ಅಂತ ಹೇಳಾಕ ಇದನ್ನ ಬರದಿಲ್ರಿ.

ಬಸವಪ್ರಸಾದ

*

ಖಾನಾಪುರ
೫ ಫೆಬ್ರುವರಿ ೨೦೨೫

ಬಸವಪ್ರಸಾದ,

ಪುಸ್ತಕ ನೋಡಿದೆ. ಮೂರೂ ಪುಟಗಳನ್ನು ಬೆರಳಿಟ್ಟು ಓದಿದೆ. "ಸದ್ಯಕ್ಕೆ ಸಾಗಿಸಿ."

ನಿನ್ನ ಮೇಲೆ ಸಿಟ್ಟಿದೆ. ನೀನು ಸುಳ್ಳು ಬರೆಯಲಿಲ್ಲ, ಮುಚ್ಚಿಟ್ಟೆ. ನಾನೂ ಅದನ್ನೇ ಮಾಡಿದ್ದೆ, ಅದಕ್ಕೇ ಸಿಟ್ಟು ಪೂರ್ತಿ ಮಾಡಲಿಕ್ಕೂ ಆಗುತ್ತಿಲ್ಲ. ನಿನ್ನ ಅಜ್ಜನ ಮೇಲಿನ ಸಿಟ್ಟು ಬೇರೆ. ಅದು ನನ್ನ ಜೊತೆಗೇ ಹೋಗುತ್ತದೆ.

ಮೇಘಾಗೆ ಹೇಳಿದೆ. ಬಾಯಿಂದ ಹೇಳಲು ಆಗಲಿಲ್ಲ, ಆ ದಿನದ್ದನ್ನೆಲ್ಲ ಹಾಳೆಯಲ್ಲಿ ಬರೆದು, ನಿನ್ನ ಪತ್ರಗಳ ಮತ್ತು ಪುಸ್ತಕದ ಜೊತೆ ಅವಳ ಮುಂದೆ ಇಟ್ಟು ಅಡುಗೆಮನೆಗೆ ಹೋದೆ. ಅವಳು ಬಂದು ಕಿವಿಯ ಹತ್ತಿರ ಕೂಗಿದಳು. "ಅವ್ವಾ, ಒಂದು ಮುಳ್ಳಿಗೆ ಐವತ್ತೇಳು ವರ್ಷ ಅತ್ತಿ ಏನ?" ಆಮೇಲೆ ಅವಳೇ ಅತ್ತಳು.

ಈಗ ಉಳಿದದ್ದು ಗಜಾನನರ ಮನೆ. ಪುಸ್ತಕ ತೋರಿಸಿದರೆ ಅವರಿಗೆ ಬರೀ ಅಕ್ಷರ. ಸೇತುವೆ ಎಲ್ಲಿತ್ತು, ತಿರುವು ಎಲ್ಲಿತ್ತು, ಯಾರು ಎಲ್ಲಿ ನಿಂತಿದ್ದರು, ಇದನ್ನು ತೋರಿಸದೆ ನಾನು ಹೇಗೆ ಹೇಳಲಿ? ಪೆಟ್ಟಿಗೆ ಬೇಕು. ನೀನು ಬರುವುದು ಬೇಡ, ಪೆಟ್ಟಿಗೆ ಮಾತ್ರ ಬರಲಿ.

ಅವರು ಬಾಗಿಲಲ್ಲೇ ಬೈದು ಕಳಿಸಿದರೆ ಏನು ಮಾಡುವುದೆಂದು ಮೇಘಾ ಕೇಳುತ್ತಾಳೆ. ಹೇಳುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಕಾಂತಾ

*

ಟಿಳಕವಾಡಿ
೧೦ ಫೆಬ್ರುವರಿ ೨೦೨೫

ಅಕ್ಕೋರ,

ಈ ಕಾಗದಾ ತಂದಾಕಿ ನನ್ನ ಹೆಂಡತಿ ದಾನೇಶ್ವರಿ. ಎರಡೂ ಪೆಟಗಿ ಆಕೀನ ಪ್ಯಾಸೆಂಜರಿನ್ಯಾಗ ತೊಡಿ ಮ್ಯಾಲ ಇಟ್ಟುಕೊಂಡು ಬರತಾಳ, ಯಾರಿಗೂ ಕೊಡೂದಿಲ್ಲ ಅಂದಾಳ.

ಪೆಟಗಿ ನೆಟ್ಟಗ ಹಿಡೀರಿ. ಮೊದಲ ಎಡಗಡೆದು ತೆರೀರಿ. ಡಬ್ಬಿಗೋಳನ್ನ ಹತ್ತಿಯೊಳಗ ಸುತ್ತೀನಿ. ಬಿಳಿ ಟವೆಲ್ಲಿನ ಮನಷ್ಯಾನ್ನ ಅಂಟಿಸಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ನನಗ ತಿಳೀಲಿಲ್ಲ, ಚೀಟಿಯೊಳಗ ಕಟ್ಟಿ ಬ್ಯಾರೆ ಇಟ್ಟೀನಿ. ಪೂಲಿನ ಮ್ಯಾಲ ಮೂರು ಮಂದೀನ್ನ ಮಾಡಾಕ ಕೈ ಬರಲಿಲ್ಲ. ಅವರ ಮಾರಿ ನಾ ನೋಡಿಲ್ಲ.

ನನ್ನ ಜೀವ ಅಲ್ಲೇ ಐತಿ. ಹೆಂಗಾತು ಅನ್ನೂದು ಒಂದು ಸಾಲು ಬರೀರಿ.

ಬಸವಪ್ರಸಾದ

*

ಖಾನಾಪುರ
೧೭ ಫೆಬ್ರುವರಿ ೨೦೨೫

ತಮ್ಮಾ ಬಸವಪ್ರಸಾದ,

ನಿನ್ನೆ ಹೋಗಿದ್ದೆವು. ಒಂದು ಪೆಟ್ಟಿಗೆ ಮೇಘಾ, ಒಂದು ನಾನು. ಗಿರಣಿ ನಡೆಯುತ್ತಿತ್ತು, ಕಾಲ ಕೆಳಗಿನ ನೆಲ ಅದುರಿದ್ದರಿಂದ ತಿಳಿಯಿತು. ಗಜಾನನರು ಹಿಟ್ಟು ಮೆತ್ತಿದ ಮುಖದಿಂದ ಹೊರಗೆ ಬಂದರು. ಜೋಳದ ಚೀಲ ಇಲ್ಲದೆ ಪೆಟ್ಟಿಗೆ ಹಿಡಿದು ನಿಂತವರನ್ನು ನೋಡಿ ಅವರಿಗೂ ಗಲಿಬಿಲಿ. ನಾನು ಮನೆಯಲ್ಲೇ ಬರೆದುಕೊಂಡು ಹೋಗಿದ್ದ ಚೀಟಿ ಕೊಟ್ಟೆ. "ನಾನು ಬ್ರೇಕ್‌ಮನ್ ರಾಯಪ್ಪನ ಮಗಳು. ನಿಮ್ಮ ತಂದೆ ಹೇಗೆ ತೀರಿಕೊಂಡರು ಎಂದು ಹೇಳಲು ಬಂದಿದ್ದೇನೆ." ಅವರು ಓದಿ ಒಳಗೆ ಹೋದರು. ಇನ್ನು ಹೊರಗೆ ಬರುವುದಿಲ್ಲ ಎಂದುಕೊಂಡೆ. ನೆಲದ ನಡುಕ ನಿಂತಿತು. ಗಿರಣಿ ಬಂದ್ ಮಾಡಿ ಬಂದರು.

ಅವರ ತಾಯಿ ಇನ್ನೂ ಇದ್ದಾರೆ, ತಮ್ಮಾ. ತೊಂಬತ್ತರ ಹತ್ತಿರ. ನನಗೆ ಗೊತ್ತೇ ಇರಲಿಲ್ಲ. ಅವರ ಮನೆಮಾತು ಮರಾಠಿ, ಅವರಿಗೂ ಕಿವಿ ಕೇಳುವುದಿಲ್ಲ. ನಾನು ಹೇಳಿದ್ದನ್ನು ಗಜಾನನರು ಅವರ ಕಿವಿಯಲ್ಲಿ ಕೂಗಬೇಕು, ಅವರು ಹೇಳಿದ್ದನ್ನು ಮೇಘಾ ಕನ್ನಡ ಮಾಡಿ ನನ್ನ ಕಿವಿಯಲ್ಲಿ ಕೂಗಬೇಕು. ಬೀದಿಯವರೆಲ್ಲ ಕಿಟಕಿಯಲ್ಲಿ ನಿಂತರು. ಐವತ್ತೇಳು ವರ್ಷ ಬಾಯಿ ಕಟ್ಟಿಟ್ಟ ಮಾತನ್ನು ಇಡೀ ಓಣಿಗೆ ಕೂಗಿ ಹೇಳಬೇಕಾಯಿತು.

ಪೆಟ್ಟಿಗೆ ತೆರೆದೆವು. ಹಳಿ ಕೂಡಿಸಿದೆವು. ಬಿಳಿ ಟವೆಲ್ಲಿನವರನ್ನು ಹಲಗೆಯ ಮೇಲಲ್ಲ, ಹಳಿಯ ಪಕ್ಕ, ನಾನು ಕೂತು ಅತ್ತ ಜಾಗದಲ್ಲಿ ನಿಲ್ಲಿಸಿದೆ. ಮುಳ್ಳಿನ ವಿಷಯ ಹೇಳಿದೆ, ಬ್ರೇಕಿನ ಕಟ್ಟಿಗೆಯ ವಿಷಯ ಹೇಳಿದೆ, ಪುಸ್ತಕದ ಮೂರು ಪುಟ ತೋರಿಸಿದೆ. ಗಜಾನನರು ಪೆಟ್ಟಿಗೆಯ ಮುಂದೆ ಕುಕ್ಕರಿಸಿದರು. ಆಮೇಲೆ ಸೇತುವೆಯನ್ನು ಕಣ್ಣಿಂದಲೇ ಅಳೆಯುತ್ತ ಕೇಳಿದರು. "ಬಾಬಾ ಎಲ್ಲಿ ನಿಂತಿದ್ದ?"

ಸುತ್ತಿಗೆ ಹಿಡಿದವರು ಇಬ್ಬರು ಆಚೆ ತುದಿಗೆ, ಹಲಗೆ ಹಿಡಿದವರು ಒಬ್ಬರು ನಡುವೆ. ಹಲಗೆ ಹಿಡಿದವರ ಸೊಂಟದಲ್ಲಿ ಕೆಂಪು ವಸ್ತ್ರ ಇತ್ತು ಎಂದೆ. ಮುದುಕಿ ಒಮ್ಮೆಲೇ ನನ್ನ ಮಣಿಕಟ್ಟು ಹಿಡಿದರು. ಆ ಕೆಂಪು ವಸ್ತ್ರ ಅವರೇ ಹರಿದು ಕೊಟ್ಟದ್ದಂತೆ, ಸೊಂಟ ನೋಯುತ್ತಿತ್ತೆಂದು. ಹೆಣ ಮನೆಗೆ ಬಂದಾಗ ಅದು ಇರಲಿಲ್ಲವಂತೆ. "ಕಡೀ ಗಳಿಗ್ಯಾಗ ಕಟ್ಟಿಕೊಂಡಿದ್ನ್ಯಾ ಇಲ್ಲೋ, ಯಾರ ಕೇಳಿದ್ರೂ ಹೇಳಲಿಲ್ಲ" ಎಂದರಂತೆ. ನಾನು ನೋಡಿದ್ದೆ. ಅದನ್ನು ಹೇಳಬಲ್ಲವಳು ಒಂದೇ ಓಣಿಯ ಆಚೆ ಇಷ್ಟು ವರ್ಷ ಕೂತಿದ್ದೆ.

ಆಮೇಲೆ ಅವರು ಹೇಳಿದ್ದನ್ನು ಮೇಘಾ ನನಗೆ ಎರಡು ಸಲ ಕೂಗಿ ಹೇಳಿದಳು. ಅಪ್ಪ ಅವರ ಮನೆಗೆ ಬಂದಿದ್ದರಂತೆ. ಹುಬ್ಬಳ್ಳಿಗೆ ಹೋಗುವ ಮೊದಲು, ಒಬ್ಬರೇ. "ನಾ ಬಾಗಲಾ ತಗೀಲಿಲ್ಲ. ಬಿಸಲಾಗ ಅಂಗಳದಾಗ ನಿಂತಿದ್ದ. ಮಧ್ಯಾಹ್ನ ಆದ ಮ್ಯಾಲೆ ಇಣಕಿ ನೋಡಿದೆ, ಇನ್ನೂ ಇದ್ದ. ಆವಾಗೂ ತಗೀಲಿಲ್ಲ. ಆಮ್ಯಾಲೆ ಅಂವಾ ಎಲ್ಲಿ ಹ್ವಾದ?"

ಅಪ್ಪ ನಮಗೆ ಹೇಳಿರಲಿಲ್ಲ. ಎಲ್ಲಿ ಹೋದರು, ಎಲ್ಲಿ ದುಡಿದರು, ಯಾವಾಗ ತೀರಿಕೊಂಡರು, ಎಲ್ಲ ಹೇಳಿದೆ. ಮುದುಕಿ ಸೊಸೆಗೆ ಕೈಸನ್ನೆ ಮಾಡಿ ನಮಗೆ ತಾಟು ಹಾಕಿಸಿದರು. ಉಂಡೆ. ಅವರ ಗಿರಣಿಯ ಹಿಟ್ಟಿನ ರೊಟ್ಟಿ ಮೊದಲ ಸಲ ತಿಂದೆ.

ಗಜಾನನರು ಮಾತ್ರ ಉಣ್ಣಲಿಲ್ಲ. ನಾವು ಹೊರಡುವಾಗ ಅಂಗಳದವರೆಗೆ ಬಂದು ಕೇಳಿದರು. "ಇಷ್ಟು ದಿನಾ ರಾಯಪ್ಪಗ ಬೈಕೋತ ಬಂದೆ. ಈಗ ಯಾರಿಗೆ ಬೈಲಿ? ಆ ಸುಳ್ಳು ಬರದಾಂವ ಯಾರು?" ಈರಯ್ಯ ಎಂಬ ಹೆಸರು ಹೇಳಿದೆ. ಪೆಟ್ಟಿಗೆ ಕಟ್ಟಿದವನು ಅವರ ಮೊಮ್ಮಗ ಎಂದೂ ಹೇಳಿದೆ. ಅವರು ತಿರುಗಿ ಒಳಗೆ ಹೋದರು.

ಪೆಟ್ಟಿಗೆ ಅಲ್ಲೇ ಇದೆ. ಮುದುಕಿ ಮುಚ್ಚಗೊಡಲಿಲ್ಲ. ಉಳಿದ ಎರಡು ಮನೆಯವರನ್ನೂ ಕರೆಸಿ ತೋರಿಸಬೇಕಂತೆ. ಅದನ್ನು ಒಯ್ಯಲು ನೀನೇ ಬರಬೇಕು. ಈ ಸಲ ದಾನೇಶ್ವರಿಯನ್ನು ಕಳಿಸಬೇಡ. ಗಜಾನನರು ಬೈಯುತ್ತಾರೋ, ಕುಂದರ್ರಿ ಎನ್ನುತ್ತಾರೋ ನನಗೆ ಗೊತ್ತಿಲ್ಲ. ಸ್ಟೇಷನ್ನಿಗೆ ನಾನು ಬಂದಿರುತ್ತೇನೆ. ಅವರ ಅಂಗಳಕ್ಕೆ ಇಬ್ಬರೂ ಕೂಡಿಯೇ ಹೋಗೋಣ.

ಕಾಂತಾ ಅಕ್ಕೋರು